ನೆತ್ತಿ ಎತ್ತುವ ಬೆರಳು

ದೇವದುರ್ಗದ ಇಮಾಮ್ ಬೀ ತನ್ನ ಬಲಗೈ ತೋರುಬೆರಳಿಗೆ ಎಂಟು ವರ್ಷದಿಂದ ಬಟ್ಟೆ ಸುತ್ತಿಕೊಂಡೇ ಇದ್ದಳು. ಕೇಳಿದವರಿಗೆ ವಾತ ಹಿಡಿದಿದೆ ಎನ್ನುತ್ತಿದ್ದಳು. ವಾತವೂ ಇಲ್ಲ, ಗೀತವೂ ಇಲ್ಲ. ಹೇಳುವವಳು ಹೇಳಿದಳು, ಕೇಳುವವರು ನಂಬಿದರು.

ಒಂದು ಕಾಲಕ್ಕೆ ಆ ಬೆರಳಿಗೆ ಎಂಥ ಮರ್ಯಾದೆ ಇತ್ತು ಅಂತೀರಿ. ಕೂಸಿಗೆ ವಾಂತಿ ಭೇದಿ ಹತ್ತಿ ತಲೆಯ ಮೇಲಿನ ಮೆತ್ತನೆಯ ಜಾಗ ತಗ್ಗಾದರೆ, ‘ನೆತ್ತಿ ಬಿದ್ದದ’ ಎಂದು ಯಾವ ಜಾತಿಯವರಾದರೂ ಇವಳ ಹೊಸ್ತಿಲಿಗೇ ಬರುತ್ತಿದ್ದರು. ಇವಳು ನೆತ್ತಿಗೆ ಹರಳೆಣ್ಣೆ ಹಚ್ಚಿ, ಕೂಸಿನ ಬಾಯಲ್ಲಿ ಬೆರಳಿಟ್ಟು, ಅಂಗುಳನ್ನು ಮೇಲಕ್ಕೆ ಒತ್ತಿ ನೆತ್ತಿ ಎತ್ತುತ್ತಿದ್ದಳು. ಆಮೇಲೆ ಒಂದೇ ಕಟ್ಟಳೆ: ಹೊತ್ತು ಮುಳುಗುವ ತನಕ ಹನಿ ನೀರು ಕುಡಿಸಬಾರದು. ಕುಡಿಸಿದರೆ ಎತ್ತಿದ ನೆತ್ತಿ ಮತ್ತೆ ಬೀಳುತ್ತದೆ. ಅವಳ ಅತ್ತೆ ಹಾಗೆ ಕಲಿಸಿದ್ದಳು, ಆ ಅತ್ತೆಗೆ ಅವಳ ಅತ್ತೆ. ಬಹಳಷ್ಟು ಕೂಸುಗಳು ತಾವಾಗಿಯೇ ಗುಣವಾಗುತ್ತಿದ್ದವು, ಹೆಸರು ಮಾತ್ರ ಇವಳಿಗೆ ಬರುತ್ತಿತ್ತು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಪಕ್ಕದ ಹಳ್ಳಿಯಿಂದ ಕುರಿ ಕಾಯುವ ಮನೆತನದ ಯಮನಮ್ಮ ಹನ್ನೊಂದು ತಿಂಗಳ ಗಂಡುಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಕೂಸು ಅಳುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ. ಇಮಾಮ್ ಬೀ ಬೆರಳಿಟ್ಟಳು. ನಾಲಗೆ ಬಿಸಿಲಲ್ಲಿ ಒಣಗಿದ ಬಟ್ಟೆಯ ಹಾಗೆ ಬೆರಳಿಗೆ ಅಂಟಿತು. ಕಿತ್ತು ತೆಗೆಯಬೇಕಾಯಿತು. ಒಂದು ಗಳಿಗೆ ಅವಳ ಎದೆ ಅಳುಕಿತು, ನಿಜ. ಆದರೂ ದಿನಾ ಹೇಳುವುದನ್ನೇ ಹೇಳಿ ಕಳಿಸಿದಳು. ಸಂಜೆಗೆ ಕೂಸು ಅಳು ನಿಲ್ಲಿಸಿತು. ಅಂತೂ ನಿದ್ದೆ ಹತ್ತಿತು ಎಂದುಕೊಂಡರು ಮನೆಯವರು. ಅದು ನಿದ್ದೆ ಆಗಿರಲಿಲ್ಲ.

ಮರುದಿನ ಯಮನಮ್ಮ ಬಂದು ಇವಳ ಕಾಲಿಗೆ ಬಿದ್ದಳು.

“ತಪ್ಪಾತು ಬೂಬಮ್ಮ. ನೀ ಬ್ಯಾಡಂದ್ರೂ ಒಂದು ಗುಟುಕು ನೀರು ಕುಡಿಸಿಬಿಟ್ಟೆ.”

ಓಣಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. “ಅದಕ್ಕ ಹೋತು ನೋಡು,” ಎಂದಳು ಇಮಾಮ್ ಬೀ. ಆವತ್ತು ಅವಳು ಸುಳ್ಳು ಹೇಳಿರಲಿಲ್ಲ. ಹಾಗೆಂದೇ ನಂಬಿದ್ದಳು.

ಅಂದಿನಿಂದ ಶುಕ್ರವಾರಕ್ಕೊಮ್ಮೆ ಯಮನಮ್ಮ ಒಂದು ಚೆರಗಿ ತುಂಬ, ಅಂದರೆ ಒಂದು ತಂಬಿಗೆ, ಹಾಲು ತಂದುಕೊಡತೊಡಗಿದಳು. ಬೇಡವೆಂದರೆ ಕೇಳುತ್ತಿರಲಿಲ್ಲ. ನಿನ್ನ ಮಾತು ಮೀರಿದ ಪಾಪಕ್ಕೆ ಇದು, ಎನ್ನುತ್ತಿದ್ದಳು.

ವರ್ಷ ತುಂಬಿದ ಮೇಲೆ ಸರ್ಕಾರಿ ದವಾಖಾನೆಯ ನರ್ಸು ಅಯ್ಯಮ್ಮ ಓಣಿಗೆ ಬಂದು, ಬೇವಿನ ಗಿಡದ ಕೆಳಗೆ ಹೆಂಗಸರನ್ನು ಕೂಡಿಸಿದಳು.

“ಭೇದಿ ಹತ್ತಿದ ಕೂಸಿನ ಮೈಯಾಗಿನ ನೀರು ಹೋಗ್ತದ. ಅದಕ್ಕ ನೆತ್ತಿ ತಗ್ಗು ಬೀಳ್ತದ. ನೀರು ಕೊಡ್ರಿ, ಮೊಲಿ ಬಿಡಸಬ್ಯಾಡ್ರಿ. ಕಾಸಿ ಆರಿಸಿದ ಒಂದು ಚೆರಗಿ ನೀರಿಗೆ ಮೂರು ಬೆರಳಿನ ಚಿಟಿಕಿ ಉಪ್ಪು, ಒಂದು ಹಿಡಿ ಸಕ್ರಿ. ಮೊದಲು ನೀವು ರುಚಿ ನೋಡ್ರಿ, ಕಣ್ಣೀರಿಗಿಂತ ಉಪ್ಪಾಗಬಾರದು. ಅತ್ರ ಕಣ್ಣೀರು ಬರಲಿಲ್ಲಂದ್ರ, ನಾಲಿಗಿ ಒಣಗಿದ್ರ, ಒಂದಕ್ಕ ಹೋಗಲಿಲ್ಲಂದ್ರ, ಹೊಟ್ಟಿ ಚರ್ಮ ಚಿವುಟಿ ಬಿಟ್ರ ಸುಕ್ಕು ಹಂಗ ನಿಂತ್ರ, ಮನ್ಯಾಗ ಕೂಡಬ್ಯಾಡ್ರಿ. ಅಳೋ ಕೂಸು ಸುಮ್ಮನಾತಂತ ಖುಷಿ ಪಡಬ್ಯಾಡ್ರಿ. ಕುಡಿಸ್ಕೋತನ ದವಾಖಾನಿಗೆ ಓಡ್ರಿ.”

ಹಿಂದೆ ಕುಳಿತಿದ್ದ ಇಮಾಮ್ ಬೀ ಮಾತು ಮುಗಿಯುವ ಮೊದಲೇ ಎದ್ದು ಮನೆಗೆ ಬಂದಳು. ಬೆರಳು ಒಣಗಿ ಎಳೆಯುತ್ತಿತ್ತು. ಆ ಎಳೆತ ಹೋಗಲೆಂದು ಕೊಡದಲ್ಲಿ ಅದ್ದಿದಳು, ಎಣ್ಣೆ ಹಚ್ಚಿದಳು. ಹೋಗಲಿಲ್ಲ. ಕೊನೆಗೆ ಬಟ್ಟೆ ಸುತ್ತಿದಳು, ನೆತ್ತಿ ಎತ್ತುವುದನ್ನು ಬಿಟ್ಟಳು. ರೊಟ್ಟಿ ಹಿಟ್ಟು ನಾದುವಾಗ ಇದ್ದಕ್ಕಿದ್ದಂತೆ ಆ ಪುಟ್ಟ ನಾಲಗೆ ಬೆರಳನ್ನು ಹಿಡಿದುಕೊಳ್ಳುತ್ತಿತ್ತು. ಶುಕ್ರವಾರ ಬಂತೆಂದರೆ ಪಡಸಾಲೆಯಲ್ಲಿ ಕಣ್ಣೀರಿಲ್ಲದ ಆ ಅಳು ಕೇಳಿಸುತ್ತಿತ್ತು. ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಈ ವಾರ ಯಮನಮ್ಮನಿಗೆ ಹೇಳಿಬಿಡೋಣ ಎಂದುಕೊಳ್ಳುವಳು. ಬಾಯಿ ತೆರೆಯುವಷ್ಟರಲ್ಲಿ ಹಾಲಿನ ಚೆರಗಿ ಮುಂದೆ ಬರುತ್ತಿತ್ತು. ತಗೊಂಡು ಒಳಗೆ ಹೋಗುತ್ತಿದ್ದಳು. ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ.

ಎಂಬತ್ಮೂರರ ಬೇಸಿಗೆ. ಮಾನ್ವಿಯಲ್ಲಿ ಅಕ್ಕ ಬಿಸ್ಮಿಲ್ಲಾ ಬೀ ಮನೆಯಲ್ಲಿ ಎರಡು ದಿನ ಇದ್ದು, ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಇಮಾಮ್ ಬೀ ಊರಿಗೆ ಮರಳಿದಳು. ಮನೆ ಸುಮ್ಮನಿತ್ತು. ಹತ್ತು ತಿಂಗಳ ಮೊಮ್ಮಗಳು ಕುಲ್ಸುಮ್, ಎರಡು ವರ್ಷದ ಹಿಂದೆ ಮದುವೆಯಾಗಿ ಬಂದ ಸೊಸೆ ಜಾಹೆದಾಳ ತೊಡೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಯಮನಮ್ಮ ಸೆರಗಿನಿಂದ ಗಾಳಿ ಬೀಸುತ್ತಿದ್ದಳು.

“ನಿನ್ನಿ ಮುಂಜಾನಿಂದ ವಾಂತಿ ಭೇದಿ ಅಮ್ಮಾ,” ಎಂದಳು ಜಾಹೆದಾ. “ಈಗ ತುಸು ಆರಾಮ ಅದ. ಅಳೋದು ಬಿಟ್ಟಾಳ.”

ಇಮಾಮ್ ಬೀ ಕೈಯಲ್ಲಿದ್ದ ಚೀಲ ಜಾರಿ ಬಿತ್ತು. “ನೀರು ಕೊಟ್ಟಿಯೇನು?”

“ಒಂದು ಹನಿ ಕೊಟ್ಟಿಲ್ರಿ. ಮೊಲಿನೂ ಬಿಡಿಸೀನಿ. ನಿನ್ನಿ ಯಮನವ್ವ ಸಂತಿಗೆ ಬಂದಾಕಿ ಹೇಳಿದಳು.”

“ನಾನ ಕಾಯಾಕತ್ತೀನಿ ಬೂಬಮ್ಮ,” ಎಂದಳು ಯಮನಮ್ಮ. “ನಾ ಮಾಡಿದ ತಪ್ಪು ಈಕಿ ಮಾಡಬಾರದು. ಮನಿಗೂ ಹೋಗಿಲ್ಲ.”

ಮಗ ಸೈಫುದ್ದೀನ್ ಅಂಗಡಿ ಮುಚ್ಚಿ ಬಾಗಿಲಲ್ಲಿ ನಿಂತಿದ್ದ. “ಅಮ್ಮಾ, ನೋವಾದ್ರ ಆಗಲಿ. ಆ ಬಟ್ಟಿ ಬಿಚ್ಚಿ ಒಮ್ಮಿ ನೆತ್ತಿ ಎತ್ತು.”

ಇಮಾಮ್ ಬೀ ಬಟ್ಟೆ ಬಿಚ್ಚಿದಳು. ಕುಲ್ಸುಮಳ ಬಾಯಲ್ಲಿ ಬೆರಳಿಟ್ಟಳು. ನಾಲಗೆ ಅಂಟಿತು. ಅದೇ ನಾಲಗೆ, ಅದೇ ಒಣಕಲು. ಇದು ನನ್ನ ಮೊಮ್ಮಗಳದಲ್ಲ, ಅವನದು, ಒಂಬತ್ತು ವರ್ಷ ಹೊರಗೆ ಕಾದು ಕೂತು ಈಗ ಒಳಗೆ ಬಂದಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಸುಕ್ಕು ಹಾಗೇ ನಿಂತಿತು.

“ಸೈಫು, ಜೀಪು ನೋಡು. ದವಾಖಾನಿಗೆ ಹೋಗಬೇಕು, ಈಗಿಂದೀಗ.” ಕಾಸಿಟ್ಟ ನೀರನ್ನು ಚೆರಗಿಗೆ ಬಗ್ಗಿಸಿ, ಉಪ್ಪು ಸಕ್ಕರೆ ಕಲಸಿ, ರುಚಿ ನೋಡಿ, ಚಮಚ ಹಿಡಿದು ಬಂದಳು. ಜಾಹೆದಾ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದಳು. ಯಮನಮ್ಮ ಎದ್ದು ಎರಡೂ ಕೈಯಿಂದ ಚೆರಗಿ ಹಿಡಿದಳು.

“ಬ್ಯಾಡ ಬೂಬಮ್ಮ. ನೀನ ಹೇಳಿದ್ದಿ. ನಿನ್ನ ಕಾಲು ಹಿಡೀತೀನಿ, ಕುಡಿಸಬ್ಯಾಡ.”

ಚೆರಗಿ ಇಬ್ಬರ ನಡುವೆ ನಿಂತಿತು. ಯಮನಮ್ಮನ ಹಿಡಿತ ಗಟ್ಟಿ ಇತ್ತು. ಒಂಬತ್ತು ವರ್ಷದ ನಂಬಿಕೆ, ಸುಮ್ಮನೆ ಬಿಡುತ್ತದೆಯೇ? ಇನ್ನು ಬಾಯಿ ಮುಚ್ಚಿಕೊಂಡರೆ ಕುಲ್ಸುಮ್ ಉಳಿಯುವುದಿಲ್ಲ ಎಂದು ಇಮಾಮ್ ಬೀಗೆ ಗೊತ್ತಿತ್ತು.

“ನಿನ್ನ ಕೂಸು ನೀರು ಕುಡದು ಹೋಗಲಿಲ್ಲ ಯಮನವ್ವ,” ಎಂದಳು. “ನೀರಿಲ್ಲದ ಹೋತು. ನಾನ ಬ್ಯಾಡ ಅಂದಿದ್ದೆ. ಎಂಟು ವರ್ಷದಿಂದ ನನಗ ಗೊತ್ತದ. ನಿನಗ ಹೇಳಲಿಲ್ಲ. ಹೇಳದ ನಿನ್ನ ಹಾಲು ಕುಡದೀನಿ.”

ಯಮನಮ್ಮನ ಕೈ ಸಡಿಲಾಯಿತು. ಸೈಫುದ್ದೀನ್ ತಾಯಿಯ ಮುಖ ನೋಡಿ, ತಲೆ ತಗ್ಗಿಸಿ, ಜೀಪು ತರಲು ಓಡಿದ.

ದೇವದುರ್ಗದ ದವಾಖಾನೆಯಲ್ಲಿ ಸಲೈನ್ ಹಚ್ಚಿ ರಾಯಚೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಇಮಾಮ್ ಬೀ ಅಲ್ಲಿಯ ನರ್ಸು ಹೇಳಿಕೊಟ್ಟಂತೆ ಚಮಚ ಚಮಚ ಹನಿಸಿದಳು. ಕೂಸು ಎರಡು ಸಲ ಕಾರಿತು. ತುಸು ತಡೆದು ಮತ್ತೆ ಹನಿಸಿದಳು. ರಾಯಚೂರಿನ ವಾರ್ಡಿನಲ್ಲಿ ಮೂರನೆಯ ದಿನ ಸೂಜಿ ಚುಚ್ಚುವಾಗ ಕುಲ್ಸುಮ್ ದವಾಖಾನೆಗೆಲ್ಲ ಕೇಳುವ ಹಾಗೆ ಚೀರಿದಳು, ಕೆನ್ನೆ ಮೇಲೆ ನೀರಿಳಿಯಿತು. ಇಮಾಮ್ ಬೀ ಅದನ್ನು ಬೆರಳಿನಿಂದ ಒರೆಸಿ ನಾಲಗೆಗೆ ಇಟ್ಟುಕೊಂಡಳು. ಉಪ್ಪಿತ್ತು. ಅಲ್ಲೇ ಕುಸಿದು ಕೂತು ಅತ್ತಳು.

ಮುಂದಿನ ಶುಕ್ರವಾರ ಊರಲ್ಲಿ ಹೊಸ್ತಿಲ ಮೇಲೆ ಕೂತು ಕಾದಳು. ಯಮನಮ್ಮ ಬರಲಾರಳು ಎಂದುಕೊಂಡಿದ್ದಳು. ಬಂದಳು. ಕೈಯಲ್ಲಿ ಹಾಲಿರಲಿಲ್ಲ. ಕಟ್ಟೆಯ ಅಂಚಿಗೆ ಕೂತು, ಓಣಿಯ ಕಡೆ ನೋಡುತ್ತ ಹೇಳಿದಳು.

“ಆವತ್ತು ಒಂದು ಗುಟುಕು ಕುಡಿಸಿದ್ದೆ ನೋಡು. ಕೂಸು ಎರಡೂ ಕೈಲೆ ಚೆರಗಿ ಹಿಡಕೊಂಡಿತ್ತು, ಬಿಡಲೇ ಇಲ್ಲ. ನಿನ್ನ ಮಾತು ನೆನಪಾಗಿ ಕಿತಗೊಂಡೆ.” ಆಮೇಲೆ ಇಮಾಮ್ ಬೀ ಕಡೆ ತಿರುಗಿದಳು. “ಕಿತಗೊಳ್ಳದ, ಹಂಗೇ ಕುಡಿಸ್ಕೋತ ದವಾಖಾನಿಗೆ ಒಯ್ದಿದ್ರ, ಉಳೀತಿತ್ತೇನು ಬೂಬಮ್ಮ?”

ಅಲ್ಲಾನಿಗೆ ಗೊತ್ತು ಎಂದುಬಿಟ್ಟರೆ ಮುಗಿಯುತ್ತಿತ್ತು. ಮಾತು ಬಾಯಿಯ ತನಕ ಬಂದಿತ್ತು. ಬೆರಳು ಒಣಗಿ ಎಳೆಯಿತು.

“ಉಳೀತಿತ್ತು ಯಮನವ್ವ,” ಎಂದಳು ಇಮಾಮ್ ಬೀ. “ಚೆರಗಿ ಕಿತಗೊಂಡಾಕಿ ನೀ ಅಲ್ಲ. ನಾ.”