ಒಂದು ಕೆಜಿ ಸಾಸಿವೆ

ಎಲ್ಲಕ್ಕೂ ಮೂಲ ನಾನು ಕೊಂಡ ಒಂದು ಕೆಜಿ ಸಾಸಿವೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಅಷ್ಟು ಸಾಸಿವೆ ಯಾಕೆ ಎಂದು ಯಾರಿಗಾದರೂ ಅನುಮಾನ ಬರಬೇಕಾದ್ದೇ. ಇಲ್ಲಿ ದೋಹಾದ ಅಲ್ ಮನ್ಸೂರಾ ಬಡಾವಣೆಯ ಅಂಗಡಿಯಲ್ಲಿ ನನ್ನ ಹಿಂದೆ ನಿಂತಿದ್ದ ಗೆಳತಿ ವಿಶಾಲಾ ಆ ಪಾಕೀಟು ನೋಡಿದಳು, ಆಮೇಲೆ ನನ್ನ ಹೊಟ್ಟೆ ನೋಡಿದಳು, ಆಮೇಲೆ ಒಂದು ಮಾತೂ ಕೇಳದೆ ನನ್ನ ಕೈಚೀಲ ಇಸಿದುಕೊಂಡು ಮನೆಯತನಕ ಹೊತ್ತು ತಂದಳು. ನಮ್ಮ ಕಡೆ ಹುಟ್ಟಿದ ಕೂಸಿನ ತಲೆ ದುಂಡಗಾಗಲಿ ಎಂದು ಸಾಸಿವೆ ತುಂಬಿದ ದಿಂಬು ಹೊಲಿಯುತ್ತಾರೆ. ಅದು ನನಗೂ ಗೊತ್ತಿದ್ದದ್ದೇ. ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ, ಏಕೆಂದರೆ ನನ್ನ ತಲೆಯ ತುಂಬ ಇದ್ದದ್ದು ನನ್ನ ಎಡಗಡೆಯ ಮೊಲೆ.

ಅದನ್ನು ಮೇ ತಿಂಗಳ ಕೊನೆಗೆ ಆಸ್ಪತ್ರೆಯಲ್ಲಿ ತೆಗೆದಿದ್ದರು. ಕ್ಯಾನ್ಸರ್. ಈಗ ಹೀಗೆ ಒಂದೇ ಏಟಿಗೆ ಹೇಳಿಬಿಡುತ್ತೇನೆ, ಆಗ ಬಾಯೇ ಬರುತ್ತಿರಲಿಲ್ಲ. ದೋಹಾದಲ್ಲಿ ಡಾಕ್ಟರುಗಳನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ನನಗೆ ಮತ್ತು ಪಕ್ಕದ ಲುಸೈಲಿನಲ್ಲಿ ಏಸಿ ಪ್ಲಾಂಟ್ ನೋಡಿಕೊಳ್ಳುವ ನನ್ನ ಗಂಡ ವಿಜಯಕುಮಾರನಿಗೆ. ನನ್ನದು ಮೊದಲೇ ಸಿಡುಕು ಸ್ವಭಾವ. ಯಾರಾದರೂ ನನ್ನನ್ನು ನೋಡಿ ‘ಪಾಪ’ ಅಂದರೆ ಮೈಯೆಲ್ಲ ಉರಿಯುತ್ತದೆ. ಹಿಂದಿನ ವರ್ಷ ನಮ್ಮ ಹೆಂಗಸರ ಗ್ರೂಪಿನಲ್ಲಿ ಒಬ್ಬಳಿಗೆ ಪಿತ್ತಕೋಶದ ಕಲ್ಲು ತೆಗೆದಾಗ ಎಷ್ಟು ವಾಯ್ಸ್ ಮೆಸೇಜು, ಎಷ್ಟು ಮನೆಮದ್ದು, ಎಷ್ಟು ನಿಟ್ಟುಸಿರು! ಕಲ್ಲಿಗೇ ಇಷ್ಟಾದರೆ ಇದಕ್ಕೆ ಎಷ್ಟಾದೀತು? ಒಂದು ತಾಸಿನೊಳಗೆ ಸುದ್ದಿ ಗುಳೇದಗುಡ್ಡದಲ್ಲಿರುವ ನನ್ನ ಅವ್ವನಿಗೂ ಮುಟ್ಟುತ್ತಿತ್ತು. ಬೇಡ ಎಂದು ಬಾಯಿ ಹೊಲಿದುಕೊಂಡು ಕುಳಿತೆ.

ಬೇಸಿಗೆಯೂ ನನಗೆ ಸಾಥ್ ಕೊಟ್ಟಿತು. ಜೂನ್ ಬಂತೆಂದರೆ ಇಲ್ಲಿಯ ಸಂಸಾರಗಳೆಲ್ಲ ರಜೆಗೆ ಊರಿಗೆ ಹೋಗುತ್ತವೆ. ಆ ಖಾಲಿ ಊರಿನಲ್ಲಿ ನನ್ನ ಕೀಮೋ ಮುಗಿಯಿತು. ಮದುವೆಯಾಗಿ ಹದಿನಾರು ವರ್ಷ ತೂಕ ಇಳಿಸಲು ನಾನು ಮಾಡದ ಕಸರತ್ತಿಲ್ಲ. ಬಿಸಿನೀರಿಗೆ ನಿಂಬೆಹಣ್ಣು, ಓಟ್ಸ್, ಕಡಲದಂಡೆಯ ಕಾರ್ನಿಶ್ ಮೇಲೆ ವಾಕಿಂಗ್, ಎಲ್ಲ ಮುಗಿದರೂ ಅರವತ್ತಾರರ ಮುಳ್ಳು ಅಲುಗಿರಲಿಲ್ಲ. ಕೀಮೋದಲ್ಲಿ ಅರವತ್ತಕ್ಕೆ ಇಳಿದೆ. ಬಯಸಿ ಬಯಸಿ ಅಲ್ಲಿಗೆ ತಲುಪಿದಾಗ ನೋಡಲು ಊರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ನನ್ನ ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ಸೊಂಟ ಸಣ್ಣಗಾಗಿದೆಯಲ್ಲ ಎಂದು ಒಂದು ಗಳಿಗೆ ಖುಷಿಪಟ್ಟದ್ದೂ ನಿಜ. ಆ ಖುಷಿಗೆ ಆಮೇಲೆ ನಾಚಿಕೆಯಾಯಿತು.

ಸೆಪ್ಟೆಂಬರಿನಲ್ಲಿ ಎಲ್ಲರೂ ವಾಪಸು ಬಂದರು. ಬೋಳು ತಲೆಗೆ ಏನು ಹೇಳುವುದು? ನಾವೂ ನಾಲ್ಕು ದಿನ ಊರಿಗೆ ಹೋಗಿದ್ದೆವು, ತಿರುಪತಿಗೆ ಮುಡಿ ಕೊಟ್ಟು ಬಂದೆ ಎಂದೆ. ಇಷ್ಟು ವರ್ಷವಾದರೂ ಮಕ್ಕಳಾಗದವಳು ಮುಡಿ ಕೊಟ್ಟಳೆಂದರೆ ಯಾವ ಹರಕೆಗೆ ಕೊಟ್ಟಿರುತ್ತಾಳೆ ಎಂದು ಯಾರೂ ಬಿಡಿಸಿ ಕೇಳಲಿಲ್ಲ. ಅದಾದ ಮೇಲೆ ರೇಡಿಯೇಷನ್ನಿಗೆಂದು ದಿನವೂ ಆಸ್ಪತ್ರೆಗೆ ಹೋದೆ. ಹೊಟ್ಟೆ ತೊಳಸುತ್ತಿತ್ತು. ಗಂಡ ನನ್ನ ಕೈಯಲ್ಲಿ ಒಂದು ನೀರಿನ ಬಾಟಲಿಯನ್ನೂ ಹೊರಿಸುತ್ತಿರಲಿಲ್ಲ, ಆಪರೇಷನ್ನಿನಲ್ಲಿ ಕಂಕುಳ ಗ್ರಂಥಿಗಳನ್ನೂ ತೆಗೆದಿದ್ದರಿಂದ ಎಡಗೈಗೆ ಭಾರ ಬಿದ್ದರೆ ತೋಳು ಬಾತುಕೊಳ್ಳುತ್ತದೆ ಎಂದಿದ್ದರು. ಆಮೇಲೆ ದಿನಕ್ಕೊಂದು ಮಾತ್ರೆ ಶುರುವಾಯಿತು. ಅದರ ಗುಣವೋ, ಅದಕ್ಕೆ ಮೊದಲು ಏರಿಸಿದ ಔಷಧಿಗಳ ಗುಣವೋ, ಹಸಿವು ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗೆ. ಅರವತ್ತು ಅರವತ್ತೈದಾಯಿತು, ಎಪ್ಪತ್ತಾಯಿತು, ಫೆಬ್ರುವರಿಗೆ ಎಪ್ಪತ್ತೈದಾಯಿತು. ಎಲ್ಲವೂ ಬಂದು ಕುಳಿತದ್ದು ಹೊಟ್ಟೆಯ ಮೇಲೆ.

ಇನ್ನು ಸಾಸಿವೆಯ ವಿಷಯ. ಆಸ್ಪತ್ರೆಯಲ್ಲಿ ಬ್ರಾ ಒಳಗೆ ಇಟ್ಟುಕೊಳ್ಳಲು ಹತ್ತಿಯದೊಂದು ಪ್ಯಾಡ್ ಕೊಟ್ಟಿದ್ದರು. ತೂಕವೇ ಇಲ್ಲದ ಅದು ನಾನು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕೊರಳಿಗೆ ಹತ್ತಿ ಬರುತ್ತಿತ್ತು. ಸಿಲಿಕಾನಿನದ್ದು ಚರ್ಮ ಪೂರ್ತಿ ಮಾಗಿದ ಮೇಲೆ ಎಂದಿದ್ದರು. ನವೆಂಬರಿನಲ್ಲಿ ಹಳೆಯ ದುಪಟ್ಟಾ ಹರಿದು ನಾನೇ ಒಂದು ಚೀಲ ಹೊಲಿದು ಸಾಸಿವೆ ತುಂಬಿದೆ. ಎಷ್ಟು ತುಂಬಬೇಕು ಎಂದು ತಿಳಿಯಲು ಅಡುಗೆಮನೆಯ ತಕ್ಕಡಿಯ ಮೇಲೆ ಬಾಗಿ ಬಲಗಡೆಯದನ್ನು ತೂಗಿದೆ. ನಗುವವರು ನಗಲಿ, ನನಗೂ ನಗು ಬಂದಿತ್ತು. ನಾನೂರ ಮೂವತ್ತು ಗ್ರಾಂ. ಆದರೆ ನಾನು ದಪ್ಪವಾಗುತ್ತ ಹೋದ ಹಾಗೆ ಬಲಗಡೆಯದೂ ಬೆಳೆಯುತ್ತಿತ್ತಲ್ಲ, ತಿಂಗಳಿಗೊಮ್ಮೆ ಹೊಲಿಗೆ ಬಿಚ್ಚಿ ಎರಡು ಚಮಚ ಸಾಸಿವೆ ಸೇರಿಸುತ್ತಿದ್ದೆ. ಇಲ್ಲದ ಕಡೆಯೂ ದಪ್ಪವಾದ ಹೆಂಗಸು ನಾನೊಬ್ಬಳೇ ಇರಬೇಕು.

ವಿಶಾಲಾ ಗದಗಿನವಳು. ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ ಮನೆಯಲ್ಲೇ ಮಷೀನು ಇಟ್ಟುಕೊಂಡು ನಮ್ಮವರಿಗೆಲ್ಲ ಬ್ಲೌಸು ಹೊಲಿದುಕೊಡುತ್ತಾಳೆ. ಒಂಬತ್ತು ವರ್ಷದ ಗೆಳೆತನ. ಆಕೆ ಟೇಪು ಹಿಡಿದಾಗಲೆಲ್ಲ ನಾನು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದೆ. ಆಕೆ ನಾನು ಕೊಟ್ಟ ಸುಳ್ಳು ಅಳತೆಯನ್ನೇ ಬರೆದುಕೊಂಡು ಹೊಲಿಯುವಾಗ ಗುಟ್ಟಾಗಿ ಒಂದಿಂಚು ಬಿಡುತ್ತಿದ್ದಳು. ಮೇ ತಿಂಗಳಿಂದ ನಾನು ಆಕೆಯ ಹತ್ತಿರ ಒಂದು ಬ್ಲೌಸೂ ಹೊಲಿಸಿರಲಿಲ್ಲ, ದೊಗಳೆ ಕುರ್ತಾದಲ್ಲೇ ಇದ್ದೆ. ಸಾಸಿವೆ ಕಂಡ ದಿನ ಆಕೆಯ ಲೆಕ್ಕ ಪಕ್ಕಾ ಆಯಿತು. ಮರುದಿನದಿಂದ ದಿನ ಬಿಟ್ಟು ದಿನ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ನಮ್ಮ ಬಾಗಿಲಿಗೆ ಬರತೊಡಗಿತು. ಇಂಥ ಸುದ್ದಿಯನ್ನು ಬಾಯಿಬಿಟ್ಟು ಕೇಳಿದರೆ ದೃಷ್ಟಿಯಾಗುತ್ತದೆಂದು ಆಕೆ ಕೇಳಲಿಲ್ಲ. ಕೇಳಲಿಲ್ಲವೆಂದು ನಾನು ಇಲ್ಲ ಅನ್ನಲಿಲ್ಲ.

ಎಲ್ಲರೂ ನನ್ನನ್ನು ಬಸುರಿ ಎಂದುಕೊಂಡಿದ್ದಾರೆ ಎಂದು ಪೂರ್ತಿ ಅರ್ಥವಾದದ್ದು ಯಾವಾಗ ಎಂದರೆ, ಗಂಡನ ಸಹೋದ್ಯೋಗಿ ಪಂಚಪ್ಪನ ಮನೆಯಲ್ಲಿ ಒಂದು ಊಟಕ್ಕೆ ಕೂಡಿದಾಗ. ಮಗನ ಹತ್ತಿರ ಬಂದಿದ್ದ ಅವನ ತಾಯಿ ಗುರವ್ವ ನನ್ನ ಗಲ್ಲ ಹಿಡಿದು ಎಲ್ಲರೆದುರಿಗೆ ಹೇಳಿದಳು.

“ಮಾರಿಗೆ ಕಳಾ ಬಂದೈತಿ ನೋಡವಾ. ಈಗ ಹೆಣ್ಮಗಳಂಗ ಕಾಣತಿ.”

ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಒಂದು ಮೊಲೆ ಹೋಗಿ, ಕೂದಲು ಹೋಗಿ, ಮೈ ಬಾತುಕೊಂಡ ಮೇಲೆ ಆ ಮೈಯನ್ನು ಚೆಂದ ಎಂದವಳು ಆಕೆಯೊಬ್ಬಳೇ. ನನ್ನ ಗಂಡ ಒಳ್ಳೆಯವನು, ಆದರೆ ನಾನು ಬಟ್ಟೆ ಬದಲಿಸುವಾಗ ಫೋನು ನೋಡುತ್ತ ಆಚೆ ಹೋಗುತ್ತಿದ್ದ. ಮರ್ಯಾದೆಗೋ ಹೆದರಿಕೆಗೋ ನಾನು ಕೇಳಿರಲಿಲ್ಲ. ಈ ಹೆಂಗಸರು ಮಾತ್ರ ನನ್ನನ್ನು ಕಣ್ಣುತುಂಬ ನೋಡುತ್ತಿದ್ದರು. ಮೆಟ್ರೋದಲ್ಲಿ ಎದ್ದು ಜಾಗ ಕೊಡುತ್ತಿದ್ದರು. ಅದೇ ಹೊಟ್ಟೆಯನ್ನು ಮನೆಯ ಕನ್ನಡಿಯಲ್ಲಿ ಕಂಡರೆ ನನಗೆ ಅಸಹ್ಯ, ಅವರ ಕಣ್ಣಲ್ಲಿ ಕಂಡರೆ ಹೆಮ್ಮೆ. ಯಾವುದು ನನ್ನ ಹೊಟ್ಟೆ ಎಂದು ನನಗೇ ತಿಳಿಯದಾಯಿತು.

ಡಿಸೆಂಬರಿನಲ್ಲಿ ಒಂದು ದಿನ ಔಷಧಿ ಅಂಗಡಿಗೆ ಹೋಗಿ ಬಸಿರು ಪರೀಕ್ಷೆಯ ಕಡ್ಡಿ ತಂದೆ. ಮುಟ್ಟು ನಿಂತಿತ್ತು. ಚಿಕಿತ್ಸೆಯಿಂದ ನಿಲ್ಲಬಹುದೆಂದು ಡಾಕ್ಟರು ಹೇಳಿದ್ದರು, ಈ ಮಾತ್ರೆ ನುಂಗುವಾಗ ಬಸಿರಾಗಲೇಬಾರದು ಎಂದೂ ಹೇಳಿದ್ದರು. ಎಲ್ಲ ಗೊತ್ತಿದ್ದೂ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕುಳಿತೆ. ಒಂದೇ ಗೆರೆ ಬಂತು, ಬಸಿರಿಲ್ಲ. ಸದ್ಯ ಬದುಕಿದೆ ಅನ್ನಿಸಿತು, ಹಿಂದೆಯೇ ಬಿಕ್ಕಿ ಬಿಕ್ಕಿ ಅಳುವೂ ಬಂತು. ಯಾವುದಕ್ಕೆ ಅತ್ತೆ ಎಂದು ಇವತ್ತಿಗೂ ಹೇಳಲಾರೆ.

ಜನವರಿ ಕೊನೆಗೆ ಪಂಚಪ್ಪ ಸೈಟಿನಲ್ಲಿ ನನ್ನ ಗಂಡನ ಕೈಗೆ ಧಾರವಾಡ ಫೇಡೆಯ ಡಬ್ಬಿ ಕೊಟ್ಟು ಬೆನ್ನು ತಟ್ಟಿದನಂತೆ. ಗಂಡ ಅದನ್ನು ಮನೆಗೆ ತಂದು ಟೇಬಲ್ಲಿನ ಮೇಲಿಟ್ಟು, ಶೂ ಕೂಡ ಬಿಚ್ಚದೆ ಕುಳಿತ.

“ಇಲ್ಲ ಅಂತಾದ್ರೂ ಹೇಳಬೇಕಿತ್ತಲ್ಲ.”

“ಕೇಳಿದ್ರ ಹೇಳ್ತಿದ್ದೆ. ಯಾರೂ ಕೇಳೇ ಇಲ್ಲ.”

ಆತ ಡಬ್ಬಿ ಬಿಚ್ಚಿ ಒಂದು ಫೇಡೆ ತಿಂದ. ನಾನೂ ತಿಂದೆ. ಕೂಡಲೇ ವಿಶಾಲಾಗೆ ಫೋನು ಮಾಡಿ ಹೇಳಿಬಿಡು ಎಂದ. ನಾಳೆ ಎಂದೆ. ಹಾಗೆ ನಾಳೆ ನಾಳೆ ಎನ್ನುತ್ತಿರುವಾಗಲೇ ಆಕೆ ಫೋನು ಮಾಡಿ, ಈ ಶುಕ್ರವಾರ ನಿಮ್ಮ ಮನೆಗೇ ಬರುತ್ತೇವೆ, ಏಳು ಜನ, ಅಡುಗೆಯೂ ನಮ್ಮದೇ, ನೀನು ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ ಕುಳಿತಿದ್ದರೆ ಸಾಕು ಎಂದಳು. ಬಸುರಿಗೆ ಏಳನೆಯ ತಿಂಗಳಲ್ಲಿ ಹೊಸ ಕುಬಸ, ಅಂದರೆ ಬ್ಲೌಸು, ತೊಡಿಸಿ, ಹಸಿರು ಬಳೆ ಇಟ್ಟು, ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ; ಮುಡಿ ಕೊಟ್ಟ ಮೇಲಿನ ತಿಂಗಳುಗಳನ್ನು ಆಕೆ ಎಣಿಸಿಟ್ಟುಕೊಂಡಿದ್ದಳು. ತವರು ದೂರವಿದ್ದರೆ ಗೆಳತಿಯರೇ ತವರಿನವರಾಗುತ್ತಾರೆ. ನಾನು ಹೇಳಬೇಕು ಎನ್ನುವಷ್ಟರಲ್ಲಿ ಆಕೆ ಫೋನು ಇಟ್ಟಾಗಿತ್ತು.

ಶುಕ್ರವಾರ ಬಂತು. ಹಾಲಿನಲ್ಲಿ ಮಣೆ ಹಾಕಿ, ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಜೋಡಿಸಿ ಆರು ಜನ ಹರಟುತ್ತಿದ್ದರು. ವಿಶಾಲಾ ನನ್ನನ್ನು ಬೆಡ್‌ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಹಸಿರು ಖಣದ ಕುಬಸದ ಮಡಿಕೆ ಬಿಚ್ಚಿ ತೋರಿಸಿದಳು. ನಮ್ಮ ಗುಳೇದಗುಡ್ಡದ ಕೈಮಗ್ಗದ ಖಣವೇ, ಯಾರ ಕೈಯಲ್ಲೋ ಹೇಳಿ ತರಿಸಿದ್ದಳು. ಹಳೆಯ ಅಳತೆಗೆ ಎರಡಿಂಚು ಹೆಚ್ಚು ಬಿಟ್ಟು ಹೊಲಿದಿದ್ದಳು. ನಾನು ಕುರ್ತಾ ತೆಗೆದು ಬೆನ್ನು ಮಾಡಿ ನಿಂತೆ. ಬಲತೋಳು ಏರಿತು. ಎಡತೋಳು ಮೊಣಕೈಯ ಮೇಲೆ ಸಿಕ್ಕಿಕೊಂಡಿತು. ಬಸುರಿಗೆ ಬಾವು ಸಹಜ, ಹೆದರಬೇಡ ಎಂದು ಆಕೆ ಎಳೆದಳು. ಮತ್ತೊಮ್ಮೆ ಎಳೆದಳು. ಆಮೇಲೆ ಬಲತೋಳನ್ನು ಮುಟ್ಟಿ ನೋಡಿದಳು, ಎಡತೋಳನ್ನು ಮುಟ್ಟಿ ನೋಡಿದಳು.

ನಾನು ಸುಮ್ಮನಿದ್ದಿದ್ದರೆ ಆಕೆ ಅದಕ್ಕೂ ಒಂದು ಕಾರಣ ಹುಡುಕುತ್ತಿದ್ದಳು. ಅಷ್ಟು ಆಸೆ ಇತ್ತು ಆಕೆಗೆ. ಆ ಆಸೆ ಕಂಡೇ ನನಗೆ ತಡೆಯಲಾಗಲಿಲ್ಲ. ಆಕೆಯ ಕಡೆ ತಿರುಗಿ, ಒಳಗೆ ಕೈ ಹಾಕಿ ಚೀಲ ತೆಗೆದು ಆಕೆಯ ಅಂಗೈಯಲ್ಲಿಟ್ಟೆ.

“ಇದಕ್ಕ ತಂದಿದ್ದೆ ಸಾಸಿವಿ.”

“ಇಷ್ಟ ಸಣ್ಣ ದಿಂಬ...” ಎಂದವಳು ನನ್ನ ಎಡಗಡೆ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಎಲ್ಲ ಹೇಳಿದೆ. ಮೇ ತಿಂಗಳು, ಬೇಸಿಗೆ, ಕೂದಲು, ಮಾತ್ರೆ. ಆಕೆ ಮಂಚದ ಅಂಚಿಗೆ ಕುಳಿತು, ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು. ಮುಗಿದ ಮೇಲೆ ಕೂಸು ಒಮ್ಮೆಯೂ ಇರಲಿಲ್ಲವೇ ಎಂದಳು. ಇರಲಿಲ್ಲ ಎಂದೆ. ಆಗ ಆಕೆಯ ಮುಖ ಕೆಂಪಾಯಿತು. ನಾನು ಮರುಕಕ್ಕೆ ಹೆದರಿದ್ದೆ, ಬಂದದ್ದು ಸಿಟ್ಟು.

“ದಿನಾ ದೀಪಾ ಹಚ್ಚೀನಿ ದಾಕ್ಷಾಯಣಿ. ಇಲ್ಲದ ಕೂಸಿಗೆ ಹಚ್ಚೀನಿ. ನಿನಗ ಹಚ್ಚಲಿಲ್ಲ. ಹಚ್ಚಾಕ ನೀ ಬಿಡಲಿಲ್ಲ.”

ನಾನು ಕುರ್ತಾ ಹಾಕಿಕೊಂಡೆ. ಚೀಲ ಆಕೆಯ ಕೈಯಲ್ಲೇ ಉಳಿಯಿತು. ಒಂದು ಕಡೆ ಚಪ್ಪಟೆಯಾಗಿಯೇ ಹಾಲಿಗೆ ಹೋಗಿ ಮಣೆಯ ಹತ್ತಿರ ನಿಂತು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ. ಹನ್ನೆರಡು ಕಣ್ಣು ಮೊದಲು ನನ್ನ ಹೊಟ್ಟೆ ನೋಡಿದವು, ಆಮೇಲೆ ಎದೆ, ಆಮೇಲೆ ನೆಲ. ಯಾರೋ ‘ಪಾಪ’ ಎಂದರು. ಆಶ್ಚರ್ಯವೆಂದರೆ ಮೈ ಉರಿಯಲಿಲ್ಲ. ಗುರವ್ವ ಎದ್ದು, ತಂದದ್ದನ್ನು ತಿರುಗಿ ಒಯ್ಯಬಾರದು, ಮುತ್ತೈದೆಗೆ ಉಡಿ ತುಂಬಲು ಬಸಿರೇ ಆಗಬೇಕೆಂದೇನಿಲ್ಲ ಎಂದು ನನ್ನ ಸೆರಗಿಲ್ಲದ ಕುರ್ತಾದ ಮಡಿಲಿಗೆ ಅಕ್ಕಿ ಸುರಿದಳು. ಹಸಿರು ಬಳೆ ಮಾತ್ರ ಡಬ್ಬಿಯಲ್ಲೇ ಉಳಿದವು. ಬೇಗ ಬೇಗ ಉಂಡು ಹೋದರು. ವಿಶಾಲಾ ಉಣ್ಣಲೂ ಇಲ್ಲ.

ಎಂಟು ದಿನ ಆಕೆಯ ಫೋನಿಲ್ಲ, ರೊಟ್ಟಿಯಿಲ್ಲ. ನಾನೇ ಬಡಿದ ರೊಟ್ಟಿ ಕತಾರಿನ ನಕಾಶೆಯ ಹಾಗೆ ಬಂತು. ಎಂದೂ ಇಲ್ಲದ ಕೂಸಿಗಾಗಿ ದುಃಖವಾಗುತ್ತಿತ್ತು. ಜನ ಮುದ್ದಿಸಿದ್ದ ನನ್ನ ಹೊಟ್ಟೆಗಾಗಿ ದುಃಖವಾಗುತ್ತಿತ್ತು. ಮೊಲೆಗಾಗಿ ಅಳಬೇಕಾದದ್ದು ಇನ್ನೂ ಬಾಕಿಯೇ ಇತ್ತೋ ಏನೋ, ಒಂದರೊಳಗೊಂದು ಸೇರಿ ಯಾವುದನ್ನೂ ಬಿಡಿಸಿ ನೋಡಲಾಗುತ್ತಿರಲಿಲ್ಲ. ಗೆಳತಿಯನ್ನು ಕಳೆದುಕೊಂಡೆ ಎಂಬುದೊಂದು ಮಾತ್ರ ಸ್ಪಷ್ಟವಾಗಿತ್ತು. ಒಂದು ರಾತ್ರಿ ಗಂಡ ತಾನಾಗಿಯೇ ಬಾವು ಇಳಿಯಲೆಂದು ನನ್ನ ಎಡತೋಳನ್ನು ಡಾಕ್ಟರು ಹೇಳಿದ ಹಾಗೆ ನೀವಿದ. ಆಕೆ ಬರುತ್ತಾಳೆ ಎಂದ. ನನಗೆ ನಂಬಿಕೆ ಇರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಬಾಗಿಲು ಬಡಿದಳು. ಕೊರಳಲ್ಲಿ ಟೇಪು, ಕೈಯಲ್ಲಿ ಅಳತೆಯ ನೋಟ್‌ಬುಕ್ಕು. ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು. ಚೀಲವನ್ನು ಟೇಬಲ್ಲಿನ ಮೇಲಿಟ್ಟು, ಇಂಥ ಹೊಲಿಗೆ ಯಾರಾದರೂ ಹಾಕುತ್ತಾರಾ, ಬಿಚ್ಚಿ ಎರಡು ಸಲ ಹೊಲಿದಿದ್ದೇನೆ ಎಂದಳು. ನೋಟ್‌ಬುಕ್ಕಿನಲ್ಲಿ ನನ್ನ ಹಳೆಯ ಪುಟ ದಾಟಿ ಹೊಸ ಪುಟ ತೆಗೆದು ನಡುವೆ ಒಂದು ಗೆರೆ ಎಳೆದಳು. ಒಂದು ಕಡೆ ಎಡ ಎಂದು ಬರೆದಳು, ಇನ್ನೊಂದು ಕಡೆ ಬಲ. ನಾನು ಕುರ್ತಾ ತೆಗೆದೆ. ತೋಳು ಎರಡನ್ನೂ ಬೇರೆ ಬೇರೆ ಅಳೆದಳು, ಎದೆಯನ್ನೂ ನಡುವಿನಿಂದ ಆ ಬದಿಗೊಮ್ಮೆ ಈ ಬದಿಗೊಮ್ಮೆ. ಗಾಯದ ಗೆರೆಯ ಮೇಲೆ ಟೇಪು ಹಾದಾಗಲೂ ಆಕೆ ತಡೆಯದೆ ಅಂಕಿ ಓದಿ ಬರೆದುಕೊಂಡಳು.

ಕೊನೆಗೆ ಸೊಂಟದ ಸುತ್ತ ಟೇಪು ತಂದಳು. ಅಭ್ಯಾಸಬಲ, ನಾನು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡೆ. ಆಕೆ ಅಳೆಯಲಿಲ್ಲ. ಟೇಪು ಹಿಡಿದುಕೊಂಡು ಹಾಗೇ ಕಾದಳು.

“ಹೊಟ್ಟಿ ಬಿಡು. ಒಂಬತ್ತು ವರ್ಷಾತು, ಒಮ್ಮೆರ ಖರೇ ಅಳತಿ ಕೊಡು.”

ನಾನು ಉಸಿರು ಬಿಟ್ಟೆ. ಆಕೆಯ ಬೆರಳುಗಳ ನಡುವೆ ಟೇಪು ಸರ್ರನೆ ಸರಿಯಿತು. ಆಕೆ ಬಗ್ಗಿ ಅಂಕಿ ನೋಡಿ, ಒಂದಿಂಚೂ ಕಡಿಮೆ ಮಾಡದೆ ಬರೆದುಕೊಂಡಳು.