ಹುಳಿ ಬಿಸ್ಕತ್ತು

ಸಾವಾದ ಮನೆಯಲ್ಲಿ ಆ ವರ್ಷದ ಈಸ್ಟರ್ ಹಬ್ಬಕ್ಕೆ ಸಿಹಿ ಮಾಡುವಂತಿಲ್ಲ, ನೆರೆಯವರೇ ತಂದುಕೊಡಬೇಕು. ಅಮ್ಮನನ್ನು ಕಳೆದುಕೊಂಡ ರೊಸಾಲ್ಬಾಳ ಮನೆಗೂ ತಟ್ಟೆಗಳು ಬಂದವು. ಕೊನೆಗೆ ಬಂದವಳು ಎದುರುಮನೆಯ ಅಸುಂತಾ. ಅಮ್ಮ ಸಕ್ಕರೆ ಪಾಕ ಬಳಿದು ಮಾಡುತ್ತಿದ್ದ ಬಿಸ್ಕತ್ತು ತಿಂದು ಪ್ರತಿ ಹಬ್ಬಕ್ಕೂ ಮುಖ ಸಿಂಡರಿಸುತ್ತಿದ್ದವಳು ಇವಳೇ.

“ಇದೇನೇ, ಬಿಸ್ಕತ್ತೋ ಉಪ್ಪಿನಕಾಯೋ? ಇಷ್ಟೊಂದು ನಿಂಬೆಹಣ್ಣು ಹಿಂಡ್ತಾರಾ ಯಾರಾದ್ರೂ?” ಎನ್ನುತ್ತಿದ್ದಳು.

ಅಮ್ಮನೂ ಬಿಡುತ್ತಿರಲಿಲ್ಲ. “ನಿನ್ನ ನಾಲಿಗೆಗಿಂತ ಹುಳಿ ಕಮ್ಮೀನೇ ಬಿಡು!”

“ತಿನ್ನು ಮಗಾ,” ಎಂದು ಈಗ ಅಸುಂತಾ ತಟ್ಟೆ ಮುಂದಿಟ್ಟಳು. ಬೆಳ್ಳನೆಯ ಪಾಕ, ಮೇಲೆ ಬಣ್ಣಬಣ್ಣದ ಸಕ್ಕರೆ ಕಾಳು. ರೊಸಾಲ್ಬಾ ಒಂದನ್ನು ಕಚ್ಚಿದಳು. ಹಲ್ಲು ಜುಮ್ಮೆಂದಿತು, ಕಣ್ಣು ತುಂಬಿ ಬಂತು.

“ಚಿಕ್ಕಮ್ಮಾ, ನಿಂಬೆಹಣ್ಣು ಜಾಸ್ತಿ ಆಯ್ತಲ್ಲ?”

“ಗೊತ್ತು ಕಣೇ. ಮೊದ್ಲು ಸರಿಯಾಗೇ ಮಾಡಿದ್ದೆ. ತಿಂದು ನೋಡ್ದೆ, ಹಬ್ಬ ಅನ್ನಿಸ್ಲೇ ಇಲ್ಲ.”