ನಾಲ್ಕನೇ ಗುಂಡಿಯ ಚೀಲ

ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತು ಇಪ್ಪತ್ತು.

"ಮೂಸಿ ನೋಡ್ತಾನೆ ಬೋಳಿಮಗ. ನೀನೇನು ನಾಯಿನಾ? ಮಣ್ಣು ತೆಗಿ, ಚೀಲಕ್ಕೆ ತುಂಬು. ಅಷ್ಟೇ ನಿನ್ನ ಕೆಲಸ."

ಇಂಜಿನಿಯರ್ ಸಾಹೇಬರು ಜೀಪಿನ ಬಾಗಿಲು ತೆರೆದು, ಒಂದು ಕಾಲು ಹೊರಗೆ ಚಾಚಿ ಕೂತಿದ್ದರು. ನಾನು ಕೈಲಿದ್ದ ಹಸಿ ಹೆಂಟೆಯನ್ನು ಕೆಳಗಿಟ್ಟೆ.

ಮಣ್ಣು ಪರೀಕ್ಷೆಯ ಬೈರಿಗೆಗೆ ಇಬ್ಬರು ಬೇಕು. ಎದುರುಬದುರು ನಿಂತು ಹಿಡಿ ಸುತ್ತಬೇಕು. ಅರ್ಧ ಮೀಟರಿಗೊಮ್ಮೆ ಮೇಲೆಳೆದು, ಸುರುಳಿಗೆ ಹತ್ತಿದ ಮಣ್ಣನ್ನು ಚೀಲಕ್ಕೆ ಕೆರೆದು, ಗುಂಡಿಯ ಸಂಖ್ಯೆ ಮತ್ತು ಆಳ ಬರೆದ ಚೀಟಿ ಹಾಕಿ ಕಟ್ಟಬೇಕು. ಹತ್ತು ವರ್ಷ ನನ್ನೆದುರು ಹಿಡಿ ಸುತ್ತಿದವನು ಅಣ್ಣ. ಈಗ ಅಲ್ಲಿ ಅತ್ತಿಗೆ.

"ನಿನ್ನ ಗಂಡ ಬಾಯಿ ಬಿಡ್ತಿರಲಿಲ್ಲ, ಎತ್ತಿನ ಹಾಗೆ ದುಡೀತಿದ್ದ," ಎಂದರು ಸಾಹೇಬರು. "ಅವನ ಜಾಗಕ್ಕೆ ನಿನ್ನನ್ನ ಹಾಕ್ಕೊಂಡಿದೀನಿ. ನೆನಪಿರ್ಲಿ."

"ಅವರ ಜಾಗ ಈಗ ಮಣ್ಣಲ್ಲಿದೆ ಸಾರ್. ಅಲ್ಲಿ ಮನೆ ಕೊಟ್ಟಿದ್ದೂ ನೀವೇ," ಎಂದಳು ಅತ್ತಿಗೆ.

ಗುಡ್ಡದ ಆಚೆ ಮಗ್ಗುಲಲ್ಲಿ ಹದಿನೆಂಟು ಮನೆ ಕಟ್ಟುವ ಮೊದಲು ಮಣ್ಣು ತೆಗೆದವನು ನಾನು. ಅಣ್ಣ ಜ್ವರದಲ್ಲಿ ಮಲಗಿದ್ದ. ಹಿಡಿಯನ್ನು ಒಬ್ಬನೇ ಸುತ್ತುತ್ತಿದ್ದೆ. ಮೂರು ಗುಂಡಿಯಲ್ಲಿ ಕೆಂಪುಮಣ್ಣು ಸಲೀಸಾಗಿ ಬಂತು. ನಾಲ್ಕನೆಯದರಲ್ಲಿ ಎರಡು ಮೀಟರ್ ದಾಟುತ್ತಲೇ ಬೂದುಬಣ್ಣದ ಜೇಡಿಮಣ್ಣು. ಜೇಡಿ ಬೈರಿಗೆಯನ್ನು ಕಚ್ಚಿ ಹಿಡಿಯುತ್ತದೆ. ಭುಜ ಕಳಚಿ ಬರುವಂತಾಯಿತು. ಮೂರನೇ ಗುಂಡಿಯ ಪಕ್ಕ ಬಿದ್ದಿದ್ದ ಕೆಂಪುಮಣ್ಣನ್ನೇ ತುಂಬಿ, ಚೀಟಿಯಲ್ಲಿ ನಾಲ್ಕು ಎಂದು ಬರೆದೆ. ಕೈ ಸೋತಾಗ ನಾವೆಲ್ಲ ಮಾಡುವುದು ಹಾಗೆಯೇ. ಸಾಹೇಬರು ಕಂಡರು. "ಜಾಣ ಕಣೋ ನೀನು," ಎಂದು ಬೆನ್ನು ತಟ್ಟಿದರು. ನನಗೆ ಖುಷಿಯಾಗಿತ್ತು.

ಮಳೆನೀರು ಕೆಂಪುಮಣ್ಣಿನಲ್ಲಿ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ. ಅದರ ಕೆಳಗೆ ಹೋಗಲು ದಾರಿಯಿಲ್ಲ. ಆಗ ಜೇಡಿಯ ಮೈ ಜಾರುತ್ತದೆ. ಮೇಲಿದ್ದದ್ದೆಲ್ಲ ಒಟ್ಟಿಗೆ ಹೊರಡುತ್ತದೆ. ಚೀಲದಲ್ಲಿ ಜೇಡಿ ಇದ್ದಿದ್ದರೆ ನೀರು ಬಸಿಯಲು ಕಾಲುವೆ ತೋಡುತ್ತಿದ್ದರು, ಇಲ್ಲವೇ ಅಲ್ಲಿ ಕಟ್ಟುತ್ತಲೇ ಇರಲಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಮಳೆ ಹಿಡಿಯಿತು. ಏಳು ಮನೆ ಮಣ್ಣಿನಡಿ ಹೋದವು, ಅಣ್ಣನದೂ. ಅಣ್ಣನ ಮೈ ತೊಳೆದವನು ನಾನೇ. ಬೆರಳ ಸಂದಿಯ ಬೂದುಮಣ್ಣು ಮೂರು ಸಲ ಉಜ್ಜಿದರೂ ಬಿಡಲಿಲ್ಲ.

ಉಳಿದ ಹನ್ನೊಂದು ಮನೆಯವರು ಶಾಲೆಯ ಕೋಣೆಗಳಲ್ಲಿದ್ದರು. ಅವರಿಗೂ ಅತ್ತಿಗೆಗೂ ಹೊಸ ಮನೆ ಏಳುವುದು ಇಲ್ಲಿ, ಗುಡ್ಡದ ಈ ಮಗ್ಗುಲಲ್ಲಿ. ಜಾಗ ನೋಡಲು ಬಂದು ಗುರುತಿಗೆ ಕಟ್ಟಿದ ಹಗ್ಗದಾಚೆ ನಿಂತಿದ್ದರು.

ಈಗ ಇಲ್ಲೂ ಬೈರಿಗೆ ಭಾರವಾಯಿತು. ಮೇಲೆಳೆದೆವು. ಸುರುಳಿಯ ತುದಿ ಬೂದುಬಣ್ಣ. ಅದು ಶುರುವಾದ ಆಳಕ್ಕೆ ಬೈರಿಗೆಯ ಸರಳಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ.

ಸಾಹೇಬರು ಇಳಿದು ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಮೇಲಿನ ಮಣ್ಣು ತುಂಬು. ಆವತ್ತಿನ ಹಾಗೆ."

"ಇದೂ ಅದೇ ಜೇಡಿ ಸಾರ್."

"ಓಹೋ, ದೊಡ್ಡ ವಿಜ್ಞಾನಿ. ಆ ಹಳೇ ಚೀಟಿ ನನ್ನ ಬೀರುವಿನಲ್ಲಿದೆ ಕಣೋ. ಅಕ್ಷರ ನಿನ್ನದು. ಗಂಡನ್ನ ತಿಂದವನು ಯಾರು ಅಂತ ಅವಳಿಗೆ ಹೇಳ್ಲಾ?"

ನಾನು ಹೋಗಿ ಬಗ್ಗಿದೆ. ಕೆಂಪುಮಣ್ಣು ಬೊಗಸೆಯಲ್ಲಿ ತುಂಬಿ ಚೀಲಕ್ಕೆ ಹಾಕಿದೆ. ಹಾಕಿದೆ, ನಿಜ. ಎರಡನೇ ಬೊಗಸೆಗೆ ಅತ್ತಿಗೆ ಕೇಳಿದಳು:

"ಕೆಳಗಿನ ಚೀಲಕ್ಕೆ ಮೇಲಿನ ಮಣ್ಣು ಯಾಕೋ?"

"ಆವತ್ತೂ ಹೀಗೇ ಮಾಡಿದ್ದೆ ಅತ್ತಿಗೆ. ನಿಮ್ಮ ಮನೆ ಜಾಗದಲ್ಲಿ. ಜೇಡಿ ಇತ್ತು. ತುಂಬ್ಲಿಲ್ಲ."

"ಈ ಸಾಹೇಬ ಹೇಳಿದ್ನಾ?"

"ಇಲ್ಲ. ಕೈ ನೋಯ್ತಿತ್ತು."

ಅವಳು ನನ್ನ ಕೈಗಳನ್ನು ನೋಡಿದಳು.

"ನಿಮ್ಮಣ್ಣನಿಗೆ ಗೊತ್ತಿತ್ತಾ?"

"ಇಲ್ಲ."

ಅತ್ತಿಗೆ ಚೀಲ ಕಿತ್ತುಕೊಂಡು ಬೋರಲು ಹಾಕಿದಳು. ಹಿಡಿಯ ತನ್ನ ತುದಿಗೆ ಹೋಗಿ ನಿಂತಳು. "ಹಿಡ್ಕೋ. ಬಂಡೆ ಸಿಗೋವರೆಗೂ ಬಿಡಬೇಡ. ನಿನ್ನ ವಿಚಾರ ಆಮೇಲೆ."

"ಏಯ್, ನಿಲ್ಸೇ," ಎಂದರು ಸಾಹೇಬರು. "ನಾಳೆಯಿಂದ ನಿನಗೆ ಕೆಲಸ ಇಲ್ಲ."

"ಇವತ್ತಿದೆಯಲ್ಲ ಸಾರ್."

ಸುತ್ತಿದೆವು. ಹಗ್ಗದಾಚೆಯವರು ಹಗ್ಗ ದಾಟಿ ಬಂದರು. ಮೇಲೆ ಬಂದ ಪ್ರತಿ ಹೆಂಟೆಯನ್ನು ಅತ್ತಿಗೆ ಚೀಲಕ್ಕೆ ಹಾಕದೆ ಜೀಪಿನ ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟಳು. ಬೂದುನೀರು ಬಿಳಿ ಬಣ್ಣದ ಮೇಲೆ ಇಳಿಯಿತು. ಡ್ರೈವರ್ ಒರೆಸಲು ಬಟ್ಟೆ ತೆಗೆದವನು ಜನರನ್ನು ನೋಡಿ ಮತ್ತೆ ಜೇಬಿಗಿಟ್ಟುಕೊಂಡ.

"ಇದೇನಮ್ಮ, ಬೆಣ್ಣೆ ಇದ್ದ ಹಾಗಿದೆ," ಎಂದ ಶಾಲೆಯ ಕೋಣೆಯಲ್ಲಿದ್ದ ಒಬ್ಬ ಅಜ್ಜ, ಒಂದು ಹೆಂಟೆ ಹಿಸುಕಿ.

"ಇದರ ಮೇಲೇ ಅಜ್ಜ ನಾವು ಮಲಗಿದ್ದಿದ್ದು."

ಬೈರಿಗೆ ಬಂಡೆಗೆ ತಾಗಿ ಕಿರ್ರೆಂದಿತು. ಇನ್ನೊಂದು ಗೆರೆ ಎಳೆದೆ. ಆಮೇಲೆ ಒಂದು ಚೀಟಿ ತೆಗೆದು ಬರೆದೆ: ಹಳೇ ಜಾಗ, ನಾಲ್ಕನೇ ಗುಂಡಿ, ತುಂಬಿದ್ದು ಬೇರೆ ಗುಂಡಿಯ ಮಣ್ಣು, ತುಂಬಿದವನು ನಾನು, ಇಂಜಿನಿಯರ್ ಸಾಹೇಬರು ನೋಡಿದ್ದಾರೆ. ಕೆಳಗೆ ಸಹಿ ಹಾಕಿ ಅಜ್ಜನ ಕೈಗೆ ಕೊಟ್ಟೆ. ಅಜ್ಜನಿಗೆ ಓದು ಬರುತ್ತಿರಲಿಲ್ಲ. ಪಕ್ಕದ ಹೆಂಗಸು ಗಟ್ಟಿಯಾಗಿ ಓದಿದಳು. ಜಾರಿಹೋದ ಏಳು ಮನೆಗಳಲ್ಲೊಂದರಲ್ಲಿ ಆ ರಾತ್ರಿ ಆಕೆಯ ಇಬ್ಬರು ಮಕ್ಕಳು ಮಲಗಿದ್ದರು.

ಯಾರೂ ನನ್ನ ಮೈಮೇಲೆ ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತು.

ಅತ್ತಿಗೆ ಅಳತೆಯ ಟೇಪಿನ ಒಂದು ತುದಿಯನ್ನು ಮೊದಲ ಗೆರೆಗೆ ಒತ್ತಿದಳು. ಇನ್ನೊಂದು ತುದಿಗೆ ನಾನು ಕೈ ಚಾಚಿದೆ. ಅವಳು ಅದನ್ನು ಆ ಹೆಂಗಸಿಗೆ ಕೊಟ್ಟಳು.

ಜೇಡಿಯ ದಪ್ಪ ನಲವತ್ತಾರು ಸೆಂಟಿಮೀಟರ್.